ಹುದ್ದೆ ಹೋದರೂ ಹೋಗದ ವಿನಾಯಿತಿ

ಸರ್ಕಾರವು ಒಂದು ನಿರ್ಬಂಧವನ್ನು ವಿಧಿಸಿದೊಡನೆ ಅದರ ಬೆನ್ನಿಗೇ ವಿನಾಯಿತಿಗಳ ಪಟ್ಟಿಯೊಂದು ಸಿದ್ಧವಾಗುವುದು ವಾಣಿಜ್ಯ ವಲಯಕ್ಕೆ ಹೊಸ ಅನುಭವವೇನಲ್ಲ. ಕೇಂದ್ರ ಅಬಕಾರಿ ಸುಂಕವಿದ್ದ ಕಾಲದಲ್ಲಿ ಸುಂಕ ಎಷ್ಟು ಎಂಬುದನ್ನು ಅರಿಯುವುದಕ್ಕಿಂತ ವಿನಾಯಿತಿ ಯಾರಿಗೆ ಎಂಬುದನ್ನು ಅರಿಯಲು ಸಣ್ಣ ಕೈಗಾರಿಕೋದ್ಯಮಿಯು ಹೆಚ್ಚಿನ ಕಾಲವನ್ನು ವ್ಯಯಿಸಬೇಕಾಗಿತ್ತು. ವಿನಾಯಿತಿಗಳಲ್ಲಿ ಎರಡು ಬಗೆ. ಮೊದಲನೆಯದು ಮಾಡುವ ಕೆಲಸಕ್ಕೆ ಸಲ್ಲುವಂಥದು. ಕೆಲಸ ಮುಗಿದೊಡನೆ ಅದೂ ಮುಗಿಯುತ್ತದೆ. ಎರಡನೆಯದು ವ್ಯಕ್ತಿ ಸೇರಿರುವ ವರ್ಗಕ್ಕೆ ಸಲ್ಲುವಂಥದು. ಕೆಲಸ ಮುಗಿದರೂ ಅದು ಉಳಿಯುತ್ತದೆ, ಉಳಿಯುವುದಷ್ಟೇ ಅಲ್ಲದೆ ಬೆಳೆಯುತ್ತದೆ. ಈ ಎರಡನೆಯ ಬಗೆಗೆ ಅತ್ಯಂತ ಸ್ಪಷ್ಟವಾದ ನಿದರ್ಶನವು ತೆರಿಗೆಯ ಕ್ಷೇತ್ರದಿಂದಲ್ಲ, ಅಮೆರಿಕದ ಶಸ್ತ್ರಾಸ್ತ್ರ ಕಾನೂನಿನಿಂದ ದೊರೆಯುತ್ತದೆ. ಉಡುಪಿನ ಮರೆಯಲ್ಲಿ ಪಿಸ್ತೂಲನ್ನು ಇರಿಸಿಕೊಂಡು ದೇಶದ ಉದ್ದಗಲಕ್ಕೂ ಸಂಚರಿಸುವ ಅಧಿಕಾರವನ್ನು ಅಲ್ಲಿನ ಕಾನೂನು ಮಾಜಿ ಪೊಲೀಸ್ ಅಧಿಕಾರಿಗಳಿಗೆ ನೀಡಿದೆ. ಅದೇ ಅಧಿಕಾರವನ್ನು ಸಾಮಾನ್ಯ ನಾಗರಿಕನಿಗೆ, ಅಂಗಡಿಯ ದಿನದ ಹಣವನ್ನು ಬ್ಯಾಂಕಿಗೆ ಒಯ್ಯುವ ವರ್ತಕನಿಗೆ, ನೀಡಿಲ್ಲ.

2004ರ ಕಾಯಿದೆ

ಅಮೆರಿಕದಲ್ಲಿ ಪಿಸ್ತೂಲನ್ನು ಮರೆಯಾಗಿ ಒಯ್ಯುವುದಕ್ಕೆ ಸಂಬಂಧಿಸಿದ ನಿಯಮಗಳನ್ನು ಪ್ರತಿಯೊಂದು ರಾಜ್ಯವೂ ಪ್ರತ್ಯೇಕವಾಗಿ ರೂಪಿಸಿಕೊಂಡಿದೆ. ಒಂದು ರಾಜ್ಯದ ಪರವಾನಗಿಗೆ ನೆರೆಯ ರಾಜ್ಯದಲ್ಲಿ ಮಾನ್ಯತೆ ದೊರೆಯಲೇಬೇಕೆಂಬ ನಿಯಮವಿಲ್ಲ. ಈ ವ್ಯವಸ್ಥೆಗೆ ದೊಡ್ಡದೊಂದು ಅಪವಾದವನ್ನು ಕಲ್ಪಿಸಿದ್ದು ಕಾನೂನು ಪಾಲನಾ ಅಧಿಕಾರಿಗಳ ಸುರಕ್ಷತಾ ಕಾಯಿದೆ. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರು 2004ರ ಜುಲೈ 22ರಂದು ಇದಕ್ಕೆ ಅಂಕಿತ ಹಾಕಿದರು. ಸೇವೆಯಲ್ಲಿರುವ ಪೊಲೀಸರು ಮಾತ್ರವಲ್ಲದೆ ಅರ್ಹತೆ ಹೊಂದಿದ ನಿವೃತ್ತ ಪೊಲೀಸರೂ ಯಾವುದೇ ರಾಜ್ಯದಲ್ಲಿ, ಆ ರಾಜ್ಯದ ಕಾನೂನು ಏನೇ ಹೇಳಲಿ, ಮರೆಯಾಗಿ ಬಂದೂಕು ಒಯ್ಯಬಹುದೆಂದು ಈ ಕಾಯಿದೆ ಸಾರಿತು.

ಷರತ್ತುಗಳು ಇಲ್ಲದಿಲ್ಲ. ಅಧಿಕಾರಿಯು ಕಳಂಕವಿಲ್ಲದೆ ಸೇವೆಯಿಂದ ಹೊರಬಂದಿರಬೇಕು. ತಾನು ಸೇವೆ ಸಲ್ಲಿಸಿದ ಇಲಾಖೆಯಿಂದ ಭಾವಚಿತ್ರವುಳ್ಳ ಗುರುತುಪತ್ರವನ್ನು ಪಡೆದಿರಬೇಕು. ಹಿಂದಿನ 12 ತಿಂಗಳೊಳಗೆ ಸ್ವಂತ ಖರ್ಚಿನಲ್ಲಿ ಗುರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಮದ್ಯದ ಅಮಲಿನಲ್ಲಿರಬಾರದು. ಖಾಸಗಿ ಸ್ಥಳದ ಮಾಲೀಕರು ಶಸ್ತ್ರವನ್ನು ನಿಷೇಧಿಸಲು ಅವಕಾಶ ನೀಡುವ ರಾಜ್ಯದ ಕಾನೂನುಗಳನ್ನೂ, ರಾಜ್ಯ ಸರ್ಕಾರದ ಕಟ್ಟಡಗಳಲ್ಲಿ ಶಸ್ತ್ರವನ್ನು ನಿರ್ಬಂಧಿಸುವ ಕಾನೂನುಗಳನ್ನೂ ಕಾಯಿದೆಯು ಹಾಗೆಯೇ ಉಳಿಸಿಕೊಂಡಿದೆ. ಇವೆಲ್ಲವೂ ವಿವೇಕದ ಷರತ್ತುಗಳು. ಪ್ರಶ್ನೆ ಇರುವುದು ಷರತ್ತುಗಳ ಬಗ್ಗೆ ಅಲ್ಲ. ಇದೇ ಷರತ್ತುಗಳನ್ನು ಪೂರೈಸಲು ಸಿದ್ಧನಿರುವ ಇನ್ನೊಬ್ಬ ನಾಗರಿಕನಿಗೆ ಬಾಗಿಲು ಏಕೆ ಮುಚ್ಚಿದೆ ಎಂಬುದರ ಬಗ್ಗೆ.

ಸಾಮಾನ್ಯ ನಾಗರಿಕನ ಪಾಡು

ಕಾಯಿದೆ ಜಾರಿಗೆ ಬಂದಾಗ ಇಲಿನಾಯ್ ಮತ್ತು ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಸಾಮಾನ್ಯ ನಾಗರಿಕನು ಮರೆಯಾಗಿ ಪಿಸ್ತೂಲು ಒಯ್ಯಲು ಪರವಾನಗಿ ಎಂಬುದೇ ಇರಲಿಲ್ಲ. ವಿಸ್ಕಾನ್ಸಿನ್ 2011ರಲ್ಲಿ ಇದಕ್ಕೆ ಅವಕಾಶ ಕಲ್ಪಿಸಿತು. ಇಲಿನಾಯ್ ರಾಜ್ಯದ ಪೂರ್ಣ ನಿಷೇಧವು ಸಂವಿಧಾನಬಾಹಿರವೆಂದು ಒಕ್ಕೂಟದ ಮೇಲ್ಮನವಿ ನ್ಯಾಯಾಲಯವು 2012ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದ ಮೇಲೆ 2013ರಲ್ಲಿ ಅಲ್ಲಿಯೂ ಪರವಾನಗಿಯ ಕಾಯಿದೆ ಬಂದಿತು. ಅಂದರೆ ಸುಮಾರು ಒಂದು ದಶಕದ ಕಾಲ ಷಿಕಾಗೋ ನಗರದ ಒಂದೇ ಬೀದಿಯಲ್ಲಿ ನಿವೃತ್ತ ಪೊಲೀಸನು ಪಿಸ್ತೂಲು ಧರಿಸಿ ನಡೆಯಬಹುದಾಗಿತ್ತು. ಅವನ ಪಕ್ಕದಲ್ಲೇ ನಡೆಯುವ ಅಂಗಡಿಕಾರನು ಅದನ್ನೇ ಮಾಡಿದರೆ ಅಪರಾಧಿಯಾಗುತ್ತಿದ್ದನು.

ನ್ಯೂಯಾರ್ಕ್ ರಾಜ್ಯದ ಸ್ಥಿತಿ ಇನ್ನಷ್ಟು ಬೋಧಪ್ರದವಾದುದು. ಅಲ್ಲಿ 1911ರಿಂದಲೂ ಪರವಾನಗಿ ಪದ್ಧತಿಯಿತ್ತು. ಆದರೆ ಅರ್ಜಿದಾರನು ತನಗೆ 'ಯುಕ್ತ ಕಾರಣ'ವಿದೆ ಎಂದು ಅಧಿಕಾರಿಗೆ ಮನದಟ್ಟು ಮಾಡಿಕೊಡಬೇಕಾಗಿತ್ತು. ಸಮಾಜದ ಉಳಿದವರಿಗಿಲ್ಲದ ವಿಶೇಷ ಅಪಾಯ ತನಗಿದೆ ಎಂದು ತೋರಿಸಬೇಕಾಗಿತ್ತು. ಒಬ್ಬ ಅರ್ಜಿದಾರನು ತನ್ನ ಬಡಾವಣೆಯಲ್ಲಿ ಸಾಲುಸಾಲಾಗಿ ನಡೆದ ದರೋಡೆಗಳನ್ನು ಉಲ್ಲೇಖಿಸಿದನು. ಶಸ್ತ್ರ ಸುರಕ್ಷತೆಯ ಉನ್ನತ ತರಬೇತಿ ಪಡೆದಿರುವುದನ್ನೂ ತಿಳಿಸಿದನು. ಆದರೂ ನಿರ್ಬಂಧವಿಲ್ಲದ ಪರವಾನಗಿ ದೊರೆಯಲಿಲ್ಲ. ಈ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟು 2022ರ ಜೂನ್ 23ರಂದು ಮೂವರ ವಿರುದ್ಧ ಆರು ನ್ಯಾಯಮೂರ್ತಿಗಳ ಬಹುಮತದಿಂದ 'ಯುಕ್ತ ಕಾರಣ'ದ ಷರತ್ತನ್ನು ರದ್ದುಪಡಿಸಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್.

ತೀರ್ಪಿನ ಬಳಿಕ ಅದೇ ವರ್ಷ ನ್ಯೂಯಾರ್ಕ್ ರಾಜ್ಯವು ಹೊಸ ಕಾಯಿದೆಯನ್ನು ತಂದಿತು. ಪರವಾನಗಿ ಬಯಸುವವನು 16 ಗಂಟೆಗಳ ತರಗತಿ ಶಿಕ್ಷಣವನ್ನೂ 2 ಗಂಟೆಗಳ ಗುಂಡು ಹಾರಿಸುವ ತರಬೇತಿಯನ್ನೂ ಪಡೆಯಬೇಕೆಂದು ವಿಧಿಸಿತು. ಟೈಮ್ಸ್ ಸ್ಕ್ವೇರ್, ಸಾರ್ವಜನಿಕ ಸಾರಿಗೆ, ಗ್ರಂಥಾಲಯ ಮೊದಲಾದವನ್ನು ಸೂಕ್ಷ್ಮ ಸ್ಥಳಗಳೆಂದು ಪಟ್ಟಿ ಮಾಡಿ, ಪರವಾನಗಿ ಪಡೆದವನೂ ಅಲ್ಲಿ ಶಸ್ತ್ರ ಒಯ್ಯಬಾರದೆಂದು ನಿಷೇಧಿಸಿತು. ಆ ನಿಷೇಧಕ್ಕೆ ವಿನಾಯಿತಿಗಳನ್ನೂ ಸೂಚಿಸಿತು. 2004ರ ಕಾಯಿದೆಯ ಅಡಿಯಲ್ಲಿ ಅರ್ಹರಾದವರು ಆ ವಿನಾಯಿತಿಯಲ್ಲಿ ಸೇರಿದ್ದಾರೆ. ತರಬೇತಿ ಮುಗಿಸಿ, ಹಿನ್ನೆಲೆ ತನಿಖೆಗೆ ಒಳಗಾಗಿ, ಶುಲ್ಕ ಕಟ್ಟಿ ಪರವಾನಗಿ ಪಡೆದ ನಾಗರಿಕನು ಹೊರಗೆ ನಿಲ್ಲುವ ಜಾಗದಲ್ಲಿ ಮಾಜಿ ಅಧಿಕಾರಿಗೆ ಪ್ರವೇಶವಿದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಪೈಕಿ ಅನೇಕರಿಗೆ ಈ ಚರ್ಚೆಯ ಹೊಸ್ತಿಲನ್ನೂ ತುಳಿಯುವಂತಿಲ್ಲ. ಎಚ್-1ಬಿ ವೀಸಾದ ಮೇಲೆ ದುಡಿಯುವವರು ಕೆಲವು ಸೀಮಿತ ಅಪವಾದಗಳನ್ನು ಬಿಟ್ಟರೆ ಬಂದೂಕನ್ನು ಹೊಂದುವುದನ್ನೇ ಅಲ್ಲಿನ ಒಕ್ಕೂಟ ಕಾನೂನು ನಿಷೇಧಿಸಿದೆ. ಮಕ್ಕಳು ಅಲ್ಲಿ ಉದ್ಯೋಗದಲ್ಲಿರುವ ಕುಟುಂಬಗಳು ಈ ಅಂಶವನ್ನು ಅರಿತಿರುವುದು ಒಳಿತು.

ಸಮರ್ಥನೆಯ ತೂಕ

ನಿವೃತ್ತ ಅಧಿಕಾರಿಗಳ ಪರವಾದ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಮೂವತ್ತು ವರ್ಷ ಅಪರಾಧಿಗಳನ್ನು ಹಿಡಿದು ಸೆರೆಮನೆಗೆ ಕಳುಹಿಸಿದವನಿಗೆ ದ್ವೇಷವು ನಿವೃತ್ತಿಯ ದಿನ ಕೊನೆಗೊಳ್ಳುವುದಿಲ್ಲ. ಸೆರೆಮನೆಯಿಂದ ಹೊರಬಂದವನು ಮಾರುಕಟ್ಟೆಯಲ್ಲಿ ಅವನನ್ನು ಗುರುತು ಹಿಡಿಯಬಹುದು. ಎರಡನೆಯದಾಗಿ, ಶಸ್ತ್ರ ಬಳಕೆಯಲ್ಲಿಯೂ, ಅದಕ್ಕಿಂತ ಮುಖ್ಯವಾಗಿ ಶಸ್ತ್ರವನ್ನು ಬಳಸದಿರುವುದರಲ್ಲಿಯೂ, ಅವನಿಗೆ ದೀರ್ಘಕಾಲದ ಅನುಭವವಿದೆ. ಮೂರನೆಯದಾಗಿ, ಸಂಕಟದ ಸಮಯದಲ್ಲಿ ಸಾರ್ವಜನಿಕರಿಗೆ ಅವನಿಂದ ನೆರವು ದೊರೆಯಬಹುದು.

ಈ ಮೂರು ವಾದಗಳನ್ನೂ ಒಪ್ಪಿಕೊಂಡೇ ಲೆಕ್ಕ ಹಾಕಿದರೂ ಬಾಕಿ ತಾಳೆಯಾಗುವುದಿಲ್ಲ. ಮೊದಲನೆಯದು ಅಪಾಯದ ವಾದ. ದರೋಡೆಕೋರರ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ ಅಂಗಡಿಕಾರನಿಗೂ, ರಾತ್ರಿ ಅಂಗಡಿ ಮುಚ್ಚಿ ನಗದಿನೊಡನೆ ಮನೆಗೆ ಹೊರಡುವ ಆಭರಣ ವ್ಯಾಪಾರಿಗೂ ಅಪಾಯವಿದೆ. ಇನ್ನೊಂದೆಡೆ ಸೇವೆಯ ಬಹುಭಾಗವನ್ನು ಕಚೇರಿಯ ಮೇಜಿನ ಹಿಂದೆ ಕಳೆದ ಅಧಿಕಾರಿಯ ಅಪಾಯ ಇವರಿಗಿಂತ ಕಡಿಮೆ ಇರಬಹುದು. 2004ರ ಕಾಯಿದೆಯು ಅಪಾಯವನ್ನು ಅಳೆಯುವುದೇ ಇಲ್ಲ. ಹಿಂದಿನ ಹುದ್ದೆಯನ್ನು ಮಾತ್ರ ಕೇಳುತ್ತದೆ. ಎರಡನೆಯದು ತರಬೇತಿಯ ವಾದ. ತರಬೇತಿಯೇ ಆಧಾರವಾದರೆ ಅದನ್ನು ಪರೀಕ್ಷೆಯಿಂದ ನಿರ್ಧರಿಸಬಹುದು. ವಾರ್ಷಿಕ ಗುರಿ ಪರೀಕ್ಷೆ ಇರುವುದೇ ಅದಕ್ಕಾಗಿ. ಅದೇ ಪರೀಕ್ಷೆಯಲ್ಲಿ ಅಷ್ಟೇ ಅಂಕ ಗಳಿಸುವ ವರ್ತಕನ ಕೈ, ಮಾಜಿ ಪೊಲೀಸನ ಕೈಗಿಂತ ಹೇಗೆ ಕಡಿಮೆಯಾದೀತು? ಮೂರನೆಯದು ಸಾರ್ವಜನಿಕ ನೆರವಿನ ವಾದ. ಈ ಕಾಯಿದೆಯು ಮಾಜಿ ಅಧಿಕಾರಿಗೆ ಬಂಧಿಸುವ ಅಧಿಕಾರವನ್ನೇನೂ ಕೊಟ್ಟಿಲ್ಲ, ನೆರವಿಗೆ ಧಾವಿಸಬೇಕೆಂಬ ಕರ್ತವ್ಯವನ್ನೂ ವಿಧಿಸಿಲ್ಲ. ಕರ್ತವ್ಯವಿಲ್ಲದ ಅಧಿಕಾರವನ್ನು ಸವಲತ್ತು ಎನ್ನಬೇಕಾಗುತ್ತದೆ.

ವೃತ್ತಿ ಜಗತ್ತಿನಲ್ಲಿ ಅನುಭವಕ್ಕೆ ಗೌರವವಿದೆ, ಆದರೆ ಅನುಭವವು ಅಧಿಕಾರಪತ್ರಕ್ಕೆ ಬದಲಿಯಾಗುವುದಿಲ್ಲ. ನಾಲ್ಕು ದಶಕ ಲೆಕ್ಕ ಪರಿಶೋಧನೆ ನಡೆಸಿದ ಚಾರ್ಟರ್ಡ್ ಅಕೌಂಟೆಂಟ್ ತನ್ನ ವೃತ್ತಿ ಪ್ರಮಾಣಪತ್ರವನ್ನು ಮರಳಿಸಿದ ಮರುದಿನ ಅತಿ ಚಿಕ್ಕ ಸಂಸ್ಥೆಯ ಪರಿಶೋಧನಾ ವರದಿಗೂ ಸಹಿ ಹಾಕುವಂತಿಲ್ಲ. ಆತನ ಜ್ಞಾನ ಒಂದೇ ರಾತ್ರಿಯಲ್ಲಿ ಕರಗಿತೆಂದು ಇದರ ಅರ್ಥವಲ್ಲ. ಸಹಿಯ ಹಿಂದೆ ಹೊಣೆಗಾರಿಕೆ ಇರಬೇಕು, ಹೊಣೆಗಾರಿಕೆ ಇಲ್ಲದೆಡೆ ಅಧಿಕಾರವೂ ಇರಬಾರದು ಎಂಬುದೇ ಅದರ ತಾತ್ಪರ್ಯ.

ನ್ಯಾಯಾಲಯಗಳ ಭಿನ್ನ ನೋಟ

ಈ ಪ್ರಶ್ನೆಯನ್ನು ಅಮೆರಿಕದ ನ್ಯಾಯಾಲಯಗಳು ಬೇರೆ ಬೇರೆ ಸಂದರ್ಭಗಳಲ್ಲಿ ಪರಿಶೀಲಿಸಿವೆ. ದಾಳಿ ಬಂದೂಕುಗಳನ್ನು ನಿಷೇಧಿಸಿದ್ದ ಕ್ಯಾಲಿಫೋರ್ನಿಯಾ ರಾಜ್ಯವು ನಿವೃತ್ತ ಅಧಿಕಾರಿಗಳಿಗೆ ಅದರಿಂದ ವಿನಾಯಿತಿ ನೀಡಿತ್ತು. 2002ರ ಡಿಸೆಂಬರ್‌ನಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು ನ್ಯಾಯಮೂರ್ತಿ ಸ್ಟೀಫನ್ ರೈನ್‌ಹಾರ್ಟ್ ಅವರು ಬರೆದ ತೀರ್ಪಿನಲ್ಲಿ, ಸೇವೆಯಲ್ಲಿರುವವರಿಗೆ ನೀಡಿದ ವಿನಾಯಿತಿ ಸಮಂಜಸವೆಂದೂ, ನಿವೃತ್ತರಿಗೆ ನೀಡಿದ ವಿನಾಯಿತಿಗೆ ತರ್ಕಬದ್ಧ ಆಧಾರವಿಲ್ಲವೆಂದೂ ಹೇಳಿ ಎರಡನೆಯದನ್ನು ಸಮಾನತೆಯ ತತ್ತ್ವದ ಮೇಲೆ ರದ್ದುಗೊಳಿಸಿತು. ಬಂದೂಕು ಹೊಂದುವ ಹಕ್ಕು ವ್ಯಕ್ತಿಗತವಲ್ಲವೆಂದು ಅದೇ ತೀರ್ಪು ಹೇಳಿದ್ದ ಮಾತು 2008ರಲ್ಲಿ ಸುಪ್ರೀಂ ಕೋರ್ಟಿನ ಹೆಲ್ಲರ್ ಪ್ರಕರಣದ ನಂತರ ನಿಲ್ಲಲಿಲ್ಲ. ಆದರೆ ನಿವೃತ್ತರ ವಿನಾಯಿತಿಯ ಕುರಿತು ಅದು ಎತ್ತಿದ ಪ್ರಶ್ನೆ ಇಂದಿಗೂ ಸತ್ವಯುತವಾಗಿದೆ.

ಹೆಲ್ಲರ್ ಪ್ರಕರಣದ ಸಂಗತಿಯೂ ಇಲ್ಲಿ ಸ್ಮರಣೀಯ. ಅರ್ಜಿದಾರರಾದ ಡಿಕ್ ಹೆಲ್ಲರ್ ವಾಷಿಂಗ್ಟನ್ ನಗರದಲ್ಲಿ ವಿಶೇಷ ಪೊಲೀಸ್ ಅಧಿಕಾರಿಯಾಗಿ ಸರ್ಕಾರಿ ಕಟ್ಟಡವನ್ನು ಕಾಯುವಾಗ ಪಿಸ್ತೂಲು ಧರಿಸುತ್ತಿದ್ದರು. ಮನೆಯಲ್ಲಿ ಒಂದನ್ನು ಇಟ್ಟುಕೊಳ್ಳಲು ಅನುಮತಿ ಕೇಳಿದಾಗ ನಿರಾಕರಿಸಲಾಯಿತು. ಹಗಲಿನ ಹುದ್ದೆಗೆ ಇದ್ದ ನಂಬಿಕೆ ಸಂಜೆಯ ನಾಗರಿಕನಿಗೆ ಇರಲಿಲ್ಲ. ಮನುಷ್ಯನೊಬ್ಬನೇ, ಕೈಯೂ ಒಂದೇ.

ಬೇರೊಂದು ದಿಕ್ಕಿನ ತೀರ್ಪೂ ಇದೆ. 2017ರಲ್ಲಿ ನಾಲ್ಕನೆಯ ವಲಯದ ನ್ಯಾಯಾಲಯವು ಮೇರಿಲ್ಯಾಂಡ್ ರಾಜ್ಯದ ಇಂಥದೇ ವಿನಾಯಿತಿಯನ್ನು ಎತ್ತಿಹಿಡಿಯಿತು. ತರಬೇತಿ ಮತ್ತು ಅನುಭವದ ಕಾರಣ ನಿವೃತ್ತ ಅಧಿಕಾರಿಗಳನ್ನು ಸಾಮಾನ್ಯ ನಾಗರಿಕರೊಡನೆ ಹೋಲಿಸಲಾಗದೆಂಬುದು ಅದರ ನಿಲುವು. 2024ರ ಫೆಬ್ರವರಿಯಲ್ಲಿ ಮೂರನೆಯ ವಲಯದ ನ್ಯಾಯಾಲಯವು, ನ್ಯೂಜೆರ್ಸಿ ರಾಜ್ಯವು ನಿವೃತ್ತ ಅಧಿಕಾರಿಗಳಿಂದ ತನ್ನದೇ ಪ್ರತ್ಯೇಕ ಪರವಾನಗಿಯನ್ನು ಕೇಳುವಂತಿಲ್ಲ, 2004ರ ಕಾಯಿದೆಯೇ ಅವರಿಗೆ ಹಕ್ಕು ನೀಡಿದೆ ಎಂದು ತೀರ್ಮಾನಿಸಿತು. ಸವಲತ್ತಾಗಿ ಹುಟ್ಟಿದ್ದು ಇಪ್ಪತ್ತು ವರ್ಷಗಳಲ್ಲಿ ಹಕ್ಕಾಗಿ ಬಲಿತದ್ದನ್ನು ಇಲ್ಲಿ ಕಾಣಬಹುದು.

ಬೆಳೆಯುವುದೇ ವಿನಾಯಿತಿಯ ಗುಣ

ವಿನಾಯಿತಿಗಳು ಒಮ್ಮೆ ಹುಟ್ಟಿದರೆ ಬೆಳೆಯುತ್ತವೆಂಬುದಕ್ಕೆ ಈ ಕಾಯಿದೆಯ ತಿದ್ದುಪಡಿಗಳೇ ಸಾಕ್ಷಿ. 2004ರಲ್ಲಿ ಕನಿಷ್ಠ 15 ವರ್ಷಗಳ ಸೇವೆ ಬೇಕಾಗಿತ್ತು. 2010ರ ತಿದ್ದುಪಡಿಯು ಅದನ್ನು 10 ವರ್ಷಗಳಿಗೆ ಇಳಿಸಿತು. ಅದೇ ತಿದ್ದುಪಡಿಯು 'ನಿವೃತ್ತರಾದ' ಎಂಬ ಷರತ್ತಿನ ಸ್ಥಾನದಲ್ಲಿ 'ಸೇವೆಯಿಂದ ಬೇರ್ಪಟ್ಟ' ಎಂಬ ಷರತ್ತನ್ನು ಇರಿಸಿತು. ಆಮ್‌ಟ್ರಾಕ್ ರೈಲು ಸಂಸ್ಥೆಯ ಪೊಲೀಸರನ್ನೂ ಸೇರಿಸಿತು. 2013ರಲ್ಲಿ ಸೇನಾ ಪೊಲೀಸರಿಗೂ ಇದು ವಿಸ್ತರಿಸಿತು.

'ಬೇರ್ಪಟ್ಟ' ಎಂಬ ಒಂದು ಪದದ ಪರಿಣಾಮವನ್ನು ಊಹಿಸಿಕೊಳ್ಳಬಹುದು. 25ನೆಯ ವಯಸ್ಸಿಗೆ ಪೊಲೀಸ್ ಇಲಾಖೆ ಸೇರಿ, 35ಕ್ಕೆ ರಾಜೀನಾಮೆ ಕೊಟ್ಟು, ಹಾರ್ಡ್‌ವೇರ್ ಅಂಗಡಿ ತೆರೆದವನೊಬ್ಬನಿದ್ದಾನೆಂದು ಭಾವಿಸೋಣ. ಉಳಿದ ಷರತ್ತುಗಳನ್ನು ಪೂರೈಸಿದರೆ ಮುಂದಿನ ಮೂವತ್ತು ವರ್ಷ ಆತ ಪಿಸ್ತೂಲಿನೊಡನೆ ಎಲ್ಲ ರಾಜ್ಯಗಳಲ್ಲಿ ಸಂಚರಿಸಬಹುದು. ಪಕ್ಕದ ಅಂಗಡಿಯವನು ಆಜೀವ ಪರ್ಯಂತ ವರ್ತಕ. ಅದೇ ಗುರಿ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಸಾಮರ್ಥ್ಯ ಅವನಿಗೂ ಇದೆ. ಆದರೆ ರಾಜ್ಯದ ಗಡಿ ದಾಟಿದೊಡನೆ ಅವನ ಪರವಾನಗಿ ಬರಿಯ ಕಾಗದವಾಗಬಹುದು. ಇಬ್ಬರೂ ವರ್ತಕರೇ. ಇಬ್ಬರ ನಡುವಣ ವ್ಯತ್ಯಾಸ ಹಳೆಯದೊಂದು ಗುರುತುಪತ್ರ ಮಾತ್ರ. ಸಾಮಾನ್ಯ ಪರವಾನಗಿದಾರರಿಗೂ ರಾಜ್ಯಗಳ ನಡುವೆ ಮಾನ್ಯತೆ ದೊರಕಿಸುವ ಮಸೂದೆಯನ್ನು ಪ್ರತಿನಿಧಿ ಸಭೆಯು 2017ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತಾದರೂ ಸೆನೆಟ್‌ನಲ್ಲಿ ಅದು ಅಂಗೀಕಾರ ಪಡೆಯಲಿಲ್ಲ.

ಮತ್ತೊಂದು ಸಂಗತಿ ಗಮನಾರ್ಹ. ದಾಳಿ ಬಂದೂಕುಗಳ ಮೇಲೆ 1994ರಲ್ಲಿ ವಿಧಿಸಿದ್ದ ಒಕ್ಕೂಟದ ನಿಷೇಧಕ್ಕೆ ಹತ್ತು ವರ್ಷಗಳ ಅವಧಿಯನ್ನು ಗೊತ್ತುಪಡಿಸಲಾಗಿತ್ತು. 2004ರ ಸೆಪ್ಟೆಂಬರ್‌ನಲ್ಲಿ ಅದು ತಾನಾಗಿಯೇ ಮುಗಿಯಿತು. ಅದೇ ವರ್ಷ ಜಾರಿಗೆ ಬಂದ ನಿವೃತ್ತರ ವಿನಾಯಿತಿಗೆ ಯಾವ ಅವಧಿಯೂ ಇಲ್ಲ. ಎಲ್ಲರಿಗೂ ಅನ್ವಯಿಸುವ ನಿಯಮವನ್ನು ಮರುಪರಿಶೀಲಿಸಬೇಕು, ಕೆಲವರಿಗೆ ಸಲ್ಲುವ ವಿನಾಯಿತಿಯನ್ನು ಮರುಪರಿಶೀಲಿಸಬೇಕಾಗಿಲ್ಲ ಎಂಬುದು ಯಾವ ನ್ಯಾಯ?

ಹುದ್ದೆಯನ್ನು ನೋಡದೆ ನಡತೆಯನ್ನು ನೋಡುವ ಕಾನೂನು ಅಮೆರಿಕಕ್ಕೆ ಅಪರಿಚಿತವೂ ಅಲ್ಲ. ಕೌಟುಂಬಿಕ ಹಿಂಸೆಯ ಸಣ್ಣ ಅಪರಾಧದಲ್ಲಿ ಶಿಕ್ಷೆಗೊಳಗಾದವನು ಬಂದೂಕು ಹೊಂದುವಂತಿಲ್ಲವೆಂದು 1996ರ ತಿದ್ದುಪಡಿ ವಿಧಿಸಿತು. ಸೇವೆಯಲ್ಲಿರುವ ಪೊಲೀಸನಿಗೂ, ಆತ ಕರ್ತವ್ಯಕ್ಕಾಗಿ ಒಯ್ಯುವ ಶಸ್ತ್ರಕ್ಕೂ ಇದರಿಂದ ವಿನಾಯಿತಿ ಇಲ್ಲ. ಮನಸ್ಸು ಮಾಡಿದರೆ ಸಮವಸ್ತ್ರವನ್ನು ಬದಿಗಿಟ್ಟು ಮನುಷ್ಯನನ್ನು ಅಳೆಯಲು ಸಾಧ್ಯವೆಂಬುದಕ್ಕೆ ಇದು ಪ್ರಮಾಣ.

ಭಾರತದ ನಿಯಮದಲ್ಲಿ ವರ್ತಕ ಮತ್ತು ಪೊಲೀಸ್

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಅಡಿಯಲ್ಲಿ ಬಂದೂಕು ಹೊಂದಲು ಪರವಾನಗಿ ಬೇಕು. ಅದು ಕೇಳಿದವರಿಗೆಲ್ಲ ಸಿಗುವ ಹಕ್ಕಲ್ಲ. 2016ರ ನಿಯಮಗಳಲ್ಲಿ 12ನೆಯ ನಿಯಮವು ಅನುಮತಿಸಬಹುದಾದ ಶಸ್ತ್ರಗಳಿಗೆ ಯಾರ ಅರ್ಜಿಯನ್ನು ಪರಿಗಣಿಸಬಹುದೆಂದು ಹೇಳುತ್ತದೆ. ತನ್ನ ವ್ಯಾಪಾರ ಅಥವಾ ವೃತ್ತಿಯ ಸ್ವರೂಪದಿಂದಾಗಿ ಪ್ರಾಣ ಅಥವಾ ಆಸ್ತಿಯನ್ನು ರಕ್ಷಿಸಿಕೊಳ್ಳುವ ನೈಜ ಅಗತ್ಯವಿರುವವನು ಅದರಲ್ಲಿದ್ದಾನೆ. ಸೇನೆಯಲ್ಲಾಗಲಿ ಪೊಲೀಸ್ ಪಡೆಯಲ್ಲಾಗಲಿ ಸೇವೆಯಲ್ಲಿರುವವನು ಅಥವಾ ಸೇವೆ ಸಲ್ಲಿಸಿದವನೂ ಅದರಲ್ಲಿದ್ದಾನೆ. ಆದರೆ ಅವನಿಗೂ ಅದೇ 'ನೈಜ ಅಗತ್ಯ' ಇರಬೇಕೆಂದು ನಿಯಮವು ಕೇಳುತ್ತದೆ. ವರ್ತಕ ಮತ್ತು ನಿವೃತ್ತ ಪೊಲೀಸ್ ಒಂದೇ ನಿಯಮದಲ್ಲಿ, ಒಂದೇ ಅಳತೆಗೋಲಿನ ಮುಂದೆ ನಿಂತಿದ್ದಾರೆ. ಕಾಗದದ ಮೇಲಾದರೂ ಈ ವ್ಯವಸ್ಥೆಯು ಅಮೆರಿಕದ ಕಾಯಿದೆಗಿಂತ ನ್ಯಾಯಯುತವಾಗಿದೆ.

ವರ್ಗಕ್ಕೆ ಸಲ್ಲುವ ವಿನಾಯಿತಿ ಇಲ್ಲಿಯೂ ಇಲ್ಲದಿಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕಾಯಿದೆಯ 41ನೆಯ ಪ್ರಕರಣದ ಅಡಿಯಲ್ಲಿ ಪರವಾನಗಿಯಿಂದ ವಿನಾಯಿತಿ ಇದೆ. ಅದರ ಬೇರು ಬ್ರಿಟಿಷರ ಕಾಲದಷ್ಟು ಹಳೆಯದು. ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರ್‌ನಲ್ಲಿ ಇದನ್ನು ಎತ್ತಿಹಿಡಿಯಿತು. ಆದರೆ 2019ರ ಅಧಿಸೂಚನೆಯು ಈ ವಿನಾಯಿತಿಗೆ 2029ರವರೆಗೆ ಎಂದು ಗಡುವು ಹಾಕಿದೆ. ಮುಂದುವರಿಸಬೇಕೇ ಬೇಡವೇ ಎಂದು ಆಗ ಮತ್ತೆ ಯೋಚಿಸಲೇಬೇಕು. ವಿನಾಯಿತಿ ಕೊಡಲೇಬೇಕಾದರೆ ಗಡುವಿನೊಡನೆ ಕೊಡುವುದು ವಿವೇಕ.

ವರ್ತಕ ವರ್ಗಕ್ಕೆ ಸಲ್ಲುವ ಪಾಠ

ನಿವೃತ್ತ ಪೊಲೀಸರಿಗೆ ಇರುವಂತೆ ವರ್ತಕರಿಗೂ ಒಂದು ವಿನಾಯಿತಿ ಬೇಕೆಂದು ಕೇಳುವ ಆಸೆ ಇದನ್ನೆಲ್ಲ ಓದಿದವರಿಗೆ ಮೂಡುವುದು ಸಹಜ. ಸಂಘ ಸಂಸ್ಥೆಗಳು ಸಚಿವರಿಗೆ ಸಲ್ಲಿಸುವ ಮನವಿಪತ್ರಗಳಲ್ಲಿ ಬಹುಪಾಲು 'ನಮ್ಮ ವರ್ಗಕ್ಕೂ' ಎಂಬ ಪದಗಳಿಂದಲೇ ಆರಂಭವಾಗುತ್ತವೆ. ಈ ವಿಷಯದಲ್ಲಿ ಆ ಬೇಡಿಕೆ ತಪ್ಪು. ಒಂದು ವರ್ಗದ ಸವಲತ್ತಿಗೆ ಇನ್ನೊಂದು ವರ್ಗದ ಸವಲತ್ತು ಮದ್ದಲ್ಲ. ವರ್ತಕನೆಂಬ ಒಂದೇ ಕಾರಣಕ್ಕೆ ಪಿಸ್ತೂಲು ದೊರೆತರೆ, ಮುಂಗೋಪಿಯಾದ ವರ್ತಕನಿಗೂ ಅದು ದೊರೆಯುತ್ತದೆ. ಗುಂಡು ಹಾರಿಸಲು ಬಾರದವನಿಗೂ ದೊರೆಯುತ್ತದೆ. ಅಂಗಡಿಗೆ ಬರುವ ಗ್ರಾಹಕರು, ಕೆಲಸದ ಹುಡುಗರು, ಬೀದಿಯ ಜನ ಇದರ ಬೆಲೆ ತೆರಬೇಕಾದೀತು.

ಕೇಳಬೇಕಾದದ್ದು ಸಮಾನ ಪರೀಕ್ಷೆಯನ್ನು. ಅಗತ್ಯವನ್ನು ತೋರಿಸು, ಹಿನ್ನೆಲೆಯ ತನಿಖೆಗೆ ಒಳಗಾಗು, ತರಬೇತಿ ಪಡೆ, ಕಾಲಕಾಲಕ್ಕೆ ಕೈಚಳಕವನ್ನು ಸಾಬೀತುಪಡಿಸು. ಪೂರೈಸಿದರೆ ಪರವಾನಗಿ, ಪೂರೈಸದಿದ್ದರೆ ಇಲ್ಲ. ಅರ್ಜಿದಾರನು ನಿನ್ನೆ ಏನಾಗಿದ್ದನು ಎಂಬುದು ಅರ್ಜಿಯ ಒಂದು ಅಂಕಣವಾಗಬಹುದೇ ಹೊರತು ಉತ್ತರವಾಗಬಾರದು. ಅಮೆರಿಕದ 2004ರ ಕಾಯಿದೆಯಲ್ಲಿ ಉಳಿಸಿಕೊಳ್ಳತಕ್ಕ ಭಾಗವೆಂದರೆ ವಾರ್ಷಿಕ ಪರೀಕ್ಷೆ. ಆ ಪರೀಕ್ಷೆಯ ಬಾಗಿಲನ್ನು ಎಲ್ಲ ಅರ್ಹ ನಾಗರಿಕರಿಗೂ ತೆರೆಯಬೇಕು, ಇಲ್ಲವೇ ಸವಲತ್ತನ್ನು ಹುದ್ದೆಯೊಂದಿಗೇ ಮುಗಿಸಬೇಕು. ಇವೆರಡರ ನಡುವೆ ಮೂರನೆಯ ನ್ಯಾಯಮಾರ್ಗ ಕಾಣುವುದಿಲ್ಲ.

ಭಾರತದಲ್ಲಿ ಕಾನೂನು ಈಗಾಗಲೇ ಕೊಟ್ಟಿರುವುದನ್ನು ವರ್ತಕರು ಬಳಸಿಕೊಳ್ಳುವುದು ಮೊದಲ ಹೆಜ್ಜೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿಯನ್ನು ನಿರಾಕರಿಸುವಂತಿಲ್ಲವೆಂದು ಕಾಯಿದೆಯ 14ನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಸಣ್ಣ ವ್ಯಾಪಾರಿಗೆ ಇದು ಬಹುಮುಖ್ಯವಾದ ರಕ್ಷಣೆ. ನಿರಾಕರಿಸಿದರೆ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗದ ಸಂದರ್ಭದಲ್ಲಿ, ಕೇಳಿದ ಅರ್ಜಿದಾರನಿಗೆ ಅವುಗಳ ಸಾರಾಂಶವನ್ನು ಕೊಡಬೇಕು. 18ನೆಯ ಪ್ರಕರಣದಲ್ಲಿ ಮೇಲ್ಮನವಿಗೆ ಅವಕಾಶವಿದೆ. ಬಾಯಿಮಾತಿನ ನಿರಾಕರಣೆಯನ್ನು ಒಪ್ಪಿಕೊಂಡು, ಪರಿಚಯದವರ ಶಿಫಾರಸಿಗಾಗಿ ಅಲೆಯುವ ವರ್ತಕನು ತನ್ನ ಕೈಯಾರೆ ಸವಲತ್ತಿನ ವ್ಯವಸ್ಥೆಗೆ ನೀರೆರೆಯುತ್ತಾನೆ. ಲಿಖಿತ ಕಾರಣವನ್ನು ಕೇಳಿ ಪಡೆಯುವವನು ನಿಯಮದ ವ್ಯವಸ್ಥೆಗೆ ಬಲ ಕೊಡುತ್ತಾನೆ. ಜಿಲ್ಲಾ ಮಟ್ಟದ ವಾಣಿಜ್ಯ ಸಂಸ್ಥೆಗಳು ತಮ್ಮ ಸದಸ್ಯರಿಗೆ ಈ ವಿಷಯದಲ್ಲಿ ಮಾರ್ಗದರ್ಶನ ನೀಡುವ ವ್ಯವಸ್ಥೆಯನ್ನು ಮಾಡುವುದು ಸೂಕ್ತ.